ಬಿಸಿ ಲೋಟ ಹಿಡಿಯುವ ಕೈ

ಹಳಿಯಾಳದ ಹೆಣ್ಣುಮಕ್ಕಳ ಗರಡಿಯಲ್ಲಿ ಬೆಳಗಿನ ತಾಲೀಮು ಮುಗಿದ ಕೂಡಲೇ ಚಹಾ ಬರುತ್ತದೆ. ಸ್ಟೀಲ್ ಲೋಟದ ಅಂಚಿನವರೆಗೆ ಕುದಿಕುದಿ ಚಹಾ. ಎದುರಾಳಿಯನ್ನು ಎತ್ತಿ ಒಗೆಯುವ ಹುಡುಗಿಯರೂ ಆ ಲೋಟದ ಮುಂದೆ ಸೋಲುತ್ತಾರೆ; ಟವೆಲ್ಲಿನ ತುದಿಯಲ್ಲಿ ಹಿಡಿದು, ಊದಿ, ಈ ಕೈಯಿಂದ ಆ ಕೈಗೆ ದಾಟಿಸಿ ಕುಣಿಯುತ್ತಾರೆ. ತುಳಜಾ ಮಾತ್ರ ಬಲಗೈ ಚಾಚಿ, ಲೋಟವನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು.

"ಪೈಲ್ವಾನರ ಕೈ ಅಂದ್ರ ಇದು, ನೋಡ್ರೆವ್ವಾ," ಎನ್ನುತ್ತಿದ್ದರು ಕುಸ್ತಿ ಕಲಿಸುವ ವಸ್ತಾದ ಅಡಿವೆಯ್ಯನವರು.

ಹುಡುಗಿಯರು ಚಪ್ಪಾಳೆ ತಟ್ಟುತ್ತಿದ್ದರು. ತುಳಜಾ ನಗುತ್ತಿರಲಿಲ್ಲ, ಬೇಡ ಎನ್ನುತ್ತಲೂ ಇರಲಿಲ್ಲ. ಆ ಕೈಗೆ ಬಿಸಿಯೇ ತಿಳಿಯುವುದಿಲ್ಲ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಮಳಗಿ ಕಡೆಯ ತಾಂಡಾದ ಗೋಮಿಬಾಯಿಯ ಮಗಳು ಅವಳು. ಗರಡಿಗೆ ಬಂದಾಗ ಕೊಡ ಹೊತ್ತು ಗಟ್ಟಿಯಾದ ಕತ್ತು ಬಿಟ್ಟರೆ ಬೇರೆ ಬಂಡವಾಳವಿರಲಿಲ್ಲ. ವಸ್ತಾದರು ಮೊದಮೊದಲು ಪಟ್ಟು ಹೇಳಿಕೊಡಲೇ ಇಲ್ಲ, ನಿಲ್ಲುವುದನ್ನು ಕಲಿಸಿದರು.

"ನಿನ್ನ ತೂಕ ಎಲ್ಲಿರ್ತೈತಿ ಹೇಳು? ತಲ್ಯಾಗಲ್ಲ, ತೋಳಾಗಲ್ಲ, ಹೊಕ್ಕಳದ ಕೆಳಗ. ಅದು ಎರಡೂ ಪಾದದ ನಡುವ ಇರೂತನಕ ನಿನ್ನ ಕೆಡವೂದು ಕಷ್ಟ. ಆಚೀಕ ಹೋತೋ, ಒಂದು ಬೆರಳು ಸಾಕು."

ಹಾಗೆಂದು, ಅವಳು ಮುಂದಕ್ಕೆ ಬಾಗಿದ ಹೊತ್ತು ನೋಡಿ, ಒಂದೇ ಬೆರಳಿನಿಂದ ಕೆಮ್ಮಣ್ಣಿಗೆ ಕೆಡವಿದರು. ತುಳಜಾ ಬೇಗ ಕಲಿತಳು. ಸೊಂಟವನ್ನು ಎದುರಾಳಿಯ ಸೊಂಟದ ಕೆಳಗೆ ತೂರಿಸಿದರೆ ದಪ್ಪ ಮೈಯೂ ಹಗುರಾಗುತ್ತದೆ. ನುಗ್ಗಿ ಬಂದವಳನ್ನು ತಡೆಯುವುದಲ್ಲ, ಅವಳ ವೇಗಕ್ಕೆ ದಾರಿ ಬಿಟ್ಟು ಕಾಲು ಅಡ್ಡ ಕೊಡುವುದು. ಕೆಲವು ವರ್ಷ ಅವಳನ್ನು ಯಾರೂ ಸುಲಭಕ್ಕೆ ಕೆಡವಲಿಲ್ಲ.

ಆಮೇಲೆ ಒಂದು ಪಂದ್ಯ. ಎದುರಾಳಿ ಅವಳನ್ನು ಅಂಗಾತ ಹಾಕಿ ಎದೆಯ ಮೇಲೆ ಬಿದ್ದಳು. ಎರಡೂ ಭುಜ ನೆಲಕ್ಕೆ ತಾಗಿದರೆ ಸೋಲು. ತುಳಜಾ ತಲೆಯನ್ನೂ ಪಾದಗಳನ್ನೂ ಊರಿ ಬೆನ್ನನ್ನು ಕಮಾನು ಮಾಡಿದಳು. ತನ್ನ ತೂಕ, ಅವಳ ತೂಕ, ಅವಳು ಒತ್ತುತ್ತಿದ್ದ ಜೋರು ಎಲ್ಲವೂ ಕತ್ತಿನ ಮೇಲೆ ಬಂದು ಕೂತವು. ಒಳಗೆ ಟಕ್ಕೆಂದಿತು. ಆದರೂ ಭುಜ ತಾಗಿಸಲಿಲ್ಲ. ಜನ ಎದ್ದು ನಿಂತು ಸಿಳ್ಳೆ ಹಾಕಿದರು. ಸಿಳ್ಳೆ ಹಾಕಿದವರೆಲ್ಲ ಬಸ್ಸು ಹಿಡಿದು ಮನೆಗೆ ಹೋದರು, ಹೋದದ್ದು ಇವಳ ಕತ್ತು.

ಡಾಕ್ಟರು ಇನ್ನು ಕುಸ್ತಿ ಬೇಡ ಎಂದರು. ಆಯ್ತು ಎಂದಳು. ತಮ್ಮ ಲಾಲುವಿನ ಮದುವೆಯಲ್ಲಿ ಊಟ ಬಡಿಸಿದಳು, ಸಂತೋಷವಾಗಲಿಲ್ಲ. ಅಪ್ಪ ತೀರಿಕೊಂಡಾಗ ಬಂದವರಿಗೆಲ್ಲ ನೀರು ಕೊಟ್ಟಳು, ಅಳು ಬರಲಿಲ್ಲ. ಹೀಗಾಯಿತಲ್ಲ ಎಂದು ಗಾಬರಿಯೂ ಆಗಲಿಲ್ಲ. ದಿನ ಬೆಳಗಾದರೆ ಗರಡಿಗೆ ಬರುವುದೊಂದನ್ನು ಬಿಡಲಿಲ್ಲ.

ಮಣ್ಣು ಅಗೆದು ಹದ ಮಾಡುವುದು ಅವಳ ಕೆಲಸ. ಇನ್ನೊಂದು, ಹೊಸ ಹುಡುಗಿಯರು ಹಿಂದಕ್ಕೆ ಬೀಳುವುದನ್ನು ಕಲಿಯುವಾಗ ಹಿಡಿದುಕೊಳ್ಳುವುದು. ಗದ್ದವನ್ನು ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ತೋಳಿನಿಂದ ನೆಲಕ್ಕೆ ಬಡಿದರೆ ಬಿದ್ದ ಪೆಟ್ಟು ಮೈಯೆಲ್ಲ ಹಂಚಿಹೋಗುತ್ತದೆ. ಇಲ್ಲದಿದ್ದರೆ ಪೂರಾ ಒಂದೇ ಕಡೆ ಬಡಿಯುತ್ತದೆ. ಅದು ಮೈಗೆ ಹತ್ತುವತನಕ ಯಾರಾದರೂ ಹಿಂದೆ ನಿಂತು, ಒಂದು ಕೈ ಸೊಂಟಕ್ಕೆ ಕೊಟ್ಟು ಇನ್ನೊಂದರಲ್ಲಿ ಅಂಗಿಯ ಕಾಲರ್ ಬಿಗಿಹಿಡಿಯಬೇಕು. ಆ ಕೈಯೇ ಹೋಗಿದೆ ಎಂದು ಬಾಯಿಬಿಟ್ಟರೆ ಗರಡಿಯಲ್ಲಿ ಇವಳಿಗೇನು ಕೆಲಸ? ಅದನ್ನು ನೆನೆದಾಗ ಮಾತ್ರ ತುಳಜಾಳಿಗೆ ಹೆದರಿಕೆಯಾಗುತ್ತಿತ್ತು. ಅವಳಲ್ಲಿ ಉಳಿದಿದ್ದದ್ದು ಅದೊಂದೇ.

ಮೊನ್ನೆ ಸರಿತಾಳ ಸರದಿ. ಪಾಳಾದಿಂದ ಹೊಸದಾಗಿ ಬಂದ ಹುಡುಗಿ. ತುಳಜಾ ಎಡಗೈ ಅವಳ ಸೊಂಟಕ್ಕೆ ಕೊಟ್ಟು ಬಲಗೈಯಲ್ಲಿ ಕಾಲರ್ ಹಿಡಿದಳು. ಹಿಡಿದಿದ್ದೇನೆ ಎಂದೇ ತಿಳಿದಿದ್ದಳು. ಸರಿತಾ ಹಿಂದಕ್ಕೆ ಬಿದ್ದಾಗ ನೋಡಿದರೆ ಬೆರಳುಗಳು ಅಗಲವಾಗಿ ಬಿಟ್ಟುಕೊಂಡಿದ್ದವು, ಹುಡುಗಿಯ ತಲೆ ಮಣ್ಣಿಗೆ ಬಡಿದು ಕತ್ತು ಮಡಚಿತ್ತು.

ಆಮೇಲೆ ಸರಿತಾ ಎದ್ದು ಕೂತು ಕತ್ತು ನೀವಿಕೊಂಡಳು.

"ನಂದ ತಪ್ಪರೀ, ಗದ್ದ ಒಳಗ ತಗೋಲಿಲ್ಲ," ಎಂದಳು.

"ಮತ್ತೇನು, ಎಷ್ಟು ಸಲ ಹೇಳಬೇಕು ನಿನಗ?" ವಸ್ತಾದರು ರೇಗಿದರು. "ಇನ್ನೊಮ್ಮೆ ಬೀಳು."

ಹುಡುಗಿ ಮೈ ಕೊಡವಿಕೊಂಡು ಬಂದು, ತುಳಜಾಳಿಗೆ ಬೆನ್ನು ಕೊಟ್ಟು ನಿಂತಳು. ತಿರುಗಿಯೂ ನೋಡಲಿಲ್ಲ.

"ಹಿಡಕೋ ಅಕ್ಕಾ."

ತುಳಜಾ ಆ ಎಳೆಯ ಕತ್ತನ್ನು ನೋಡಿದಳು. ಕೈ ಎತ್ತಲಿಲ್ಲ.

"ನಾ ಹಿಡಿಯಾಂಗಿಲ್ಲರೀ ವಸ್ತಾದ್ರ," ಎಂದಳು. "ನನ್ನ ಬಲಗೈಗೆ ಏನೂ ತಿಳಿಯಾಂಗಿಲ್ಲ. ಬಿಟ್ಟದ್ದೂ ಗೊತ್ತಾಗ್ಲಿಲ್ಲ. ಅಕಿದೇನೂ ತಪ್ಪಿಲ್ಲ."

"ಯಾವಾಗಿಂದ?"

"ಕತ್ತು ಹೋದಾಗಿಂದ."

ವಸ್ತಾದರು ಹತ್ತಿರ ಬಂದು ಅವಳ ಅಂಗೈ ತೆರೆದು ನೋಡಿದರು. ಹೊಸವೂ ಹಳೆಯವೂ ಸುಟ್ಟ ಕಲೆಗಳು. ದಿನಾ ಚಪ್ಪಾಳೆ ತಟ್ಟಿಸಿದವರು ಅವರೇ ತಾನೆ.

"ಹೋಗಿ ಕೂಡ್ರವ್ವಾ," ಎಂದರು. "ನಾಳಿಂದು ನಾಳಿ ನೋಡೂಣು."

ತಾವೇ ಮೊಣಕಾಲು ಊರಿ ಸರಿತಾಳ ಹಿಂದೆ ಕೂತರು. ತುಳಜಾ ಕಣದ ಕಟ್ಟೆಯ ಮೇಲೆ ಕುಳಿತು ನೋಡಿದಳು. ಹುಡುಗಿ ಬಿದ್ದಳು, ಎದ್ದಳು, ಮತ್ತೆ ಸರಿಯಾಗಿ ಬಿದ್ದಳು. ತುಳಜಾಳಿಗೆ ದುಃಖವೂ ಆಗಲಿಲ್ಲ, ಹಗುರವೂ ಆಗಲಿಲ್ಲ. ಹೆದರಿಕೆಯೂ ಹೋಗಿತ್ತು.

ಚಹಾ ಬಂತು. ಸರಿತಾ ಮೊದಲ ಲೋಟವನ್ನು ಟವೆಲ್ಲಿನಲ್ಲಿ ಹಿಡಿದು ತಂದಳು. ಎಂದಿನಂತೆ ಮೇಲೆದ್ದ ಬಲಗೈಯನ್ನು ತುಳಜಾ ಕೆಳಗಿಳಿಸಿ ಎಡಗೈ ಚಾಚಿದಳು. ಬೆರಳುಗಳು ಚುರ್ರೆಂದವು. ಲೋಟ ಕೈಜಾರಿ ಚಹಾವೆಲ್ಲ ಕೆಮ್ಮಣ್ಣಿನ ಪಾಲಾಯಿತು.

"ಸುಟ್ಟತೇನ ಅಕ್ಕಾ?"

"ಹೂಂ," ಎಂದಳು ತುಳಜಾ. "ಸುಟ್ಟತು."

ಅಷ್ಟು ಹೇಳುವಷ್ಟರಲ್ಲಿ, ಅಪ್ಪ ಸತ್ತ ದಿನವೂ ಬಾರದ ಅಳು ಬಂದುಬಿಟ್ಟಿತು.