ಮರಿಯಣ್ಣನ ಗಾಡಿಗೆ ಹಂಸಾಳ ಗಾಲಿ

ಬಳೇಪೇಟೆಯಲ್ಲಿ ಕೈಲಾಸ್ ಅವರ ಸಗಟು ಬಳೆ ಅಂಗಡಿಯ ಹಿಂಬದಿಗೆ ಒಂದು ಕತ್ತಲೆ ಕೋಣೆಯಿದೆ. ಹಿಂದೆ ಅಲ್ಲಿ ಬಳೆ ಪೆಟ್ಟಿಗೆಗಳಿಗೆ ಹಾಸುವ ಒಣಹುಲ್ಲು ತುಂಬಿರುತ್ತಿತ್ತು. ಈಗ ತಾಮ್ರದ ತಂತಿ, ಅಯಸ್ಕಾಂತದ ಬಿಲ್ಲೆಗಳು, ಹಳೆಯ ಸ್ಕೂಟರಿನಿಂದ ಬಿಚ್ಚಿದ ಬ್ಯಾಟರಿ, ಇವೆಲ್ಲದರ ನಡುವೆ ಚಕ್ಕಳಮಕ್ಕಳ ಹಾಕಿ ಕೂತ ಹಂಸಾ.

ಹಂಸಾ ಕೈಲಾಸ್ ಅವರ ಒಬ್ಬಳೇ ಮಗಳು. ಎಂಜಿನಿಯರಿಂಗ್ ಓದಿದಳು, ಮೋಟಾರು ತಯಾರಿಸುವ ಕಂಪನಿಯೊಂದರಲ್ಲಿ ಕೆಲಸವೂ ಸಿಕ್ಕಿತು. ಅಲ್ಲಿ ಒಂದು ಸಂಗತಿ ಅವಳನ್ನು ಬಿಡದೆ ಕಾಡಿತು. ಗಾಲಿಯೊಳಗೇ ಕೂರುವ ಮೋಟಾರು ಕರೆಂಟು ಇರುವಷ್ಟು ಹೊತ್ತು ಗಾಡಿಯನ್ನು ಓಡಿಸುತ್ತದೆ, ಕರೆಂಟು ನಿಂತೊಡನೆ ಅದೇ ಗಾಡಿಗೆ ಹೊರೆಯಾಗುತ್ತದೆ. ಒಳಗಿನ ಅಯಸ್ಕಾಂತಗಳು ಸುತ್ತಲಿನ ಕಬ್ಬಿಣವನ್ನು ಜಗ್ಗಿ ಹಿಡಿಯುತ್ತವೆ. ಗಾಲಿ ತಡವರಿಸುತ್ತಾ ತಿರುಗುತ್ತದೆ. ಕರೆಂಟು ಇದ್ದಾಗಲೂ ಆ ತಡವರಿಕೆಗೇ ಎಷ್ಟೋ ವಿದ್ಯುತ್ತು ಸುಮ್ಮನೆ ಸೋರಿಹೋಗುತ್ತದೆ. ಒಳಗೆ ಕಬ್ಬಿಣವೇ ಇಲ್ಲದ ಮೋಟಾರು ಮಾಡಿದರೆ? ಹಾಗೆ ಯೋಚಿಸಿದವರಲ್ಲಿ ಅವಳೇನೂ ಮೊದಲಿಗಳಲ್ಲ. ಆದರೆ ತಳ್ಳುಗಾಡಿಗಾಗಿ ಯೋಚಿಸಿದವರು ಅವಳಿಗೆ ಸಿಗಲಿಲ್ಲ. ಕೆಲಸ ಬಿಟ್ಟು ಅಪ್ಪನ ಅಂಗಡಿಯ ಹಿಂದಿನ ಕೋಣೆಗೆ ಬಂದಳು.

ಕಬ್ಬಿಣವಿಲ್ಲದ ಮೇಲೆ ತಾಮ್ರದ ಸುರುಳಿಗಳೇ ಎಲ್ಲ ಕೆಲಸ ಮಾಡಬೇಕು. ಅವನ್ನು ಒಂದೊಂದಾಗಿ ಕೈಯಲ್ಲೇ ಸುತ್ತಿ, ಸಾಲಾಗಿ ಜೋಡಿಸಿಡುತ್ತಿದ್ದಳು. ಅಜ್ಜಿ ಶಿವಕುಮಾರಿ ಕಾಫಿ ತಂದವರು ಒಂದನ್ನೆತ್ತಿ ಬೆಳಕಿಗೆ ಹಿಡಿದರು.

"ಯಾರಿಗೇ ಇಷ್ಟೊಂದು ತಾಮ್ರದ ಬಳೆ?"

"ಗಾಲಿಗೆ ಅಜ್ಜಿ."

"ಆಗ್ಲಿ ಬಿಡು. ನಿನಗಿಂತ ಮುಂಚೆ ಅದಕ್ಕಾದ್ರೂ ಬಳೆಶಾಸ್ತ್ರ ಆಗತ್ತಲ್ಲ."

ಗಾಡಿ ಮರಿಯಣ್ಣನವರದು. ಕನಕಪುರದ ಕಡೆಯಿಂದ ಚಿಕ್ಕ ವಯಸ್ಸಿಗೇ ಬಂದು, ಈ ಅಂಗಡಿಯ ಬಳೆಗಳನ್ನು ಚಾಮರಾಜಪೇಟೆ, ಬಸವನಗುಡಿಯ ಅಂಗಡಿಗಳಿಗೆ ತಲುಪಿಸುತ್ತಲೇ ತಲೆ ನೆರೆತವರು. ಗಾಜಿನ ಸರಕು ಅವರ ಗಾಡಿಯಲ್ಲಿ ಮಲಗಿದ ಮಗುವಿನಂತೆ ಹೋಗುತ್ತದೆ ಎಂದು ಪೇಟೆಯಲ್ಲಿ ಮಾತಿತ್ತು. ಆದರೆ ಈ ವರ್ಷ ಏರು ಬಂದ ಕಡೆಯಲ್ಲೆಲ್ಲ ಅವರು ಗಾಡಿ ನಿಲ್ಲಿಸಿ ಬಲಭುಜ ಹಿಡಿದುಕೊಳ್ಳುತ್ತಿದ್ದರು. ಅದನ್ನು ನೋಡಿದ ಕೈಲಾಸ್, ಗೌರಿ ಹಬ್ಬದಿಂದ ಸರಕನ್ನೆಲ್ಲ ಗೂಡ್ಸ್ ಆಟೊದ ಗೌರೀಶನಿಗೆ ಒಪ್ಪಿಸುವ ಮನಸ್ಸು ಮಾಡಿದ್ದರು.

"ಮತ್ತೆ ಮರಿಯಣ್ಣ?" ಎಂದಳು ಹಂಸಾ.

"ಅಂಗಡೀಲಿ ಕೂತಿರ್ಲಿ. ಊಟ ತಿಂಡಿಗೇನು ಕಮ್ಮಿ ಮಾಡ್ತೀವಾ?"

"ಕೂರೋರಾ ಅವರು? ಒಂದು ವಾರದೊಳಗೆ ಊರಿಗೆ ಹೊರಟುಬಿಡ್ತಾರೆ. ನನ್ನ ಗಾಲಿ ಒಂದ್ಸಲ ಹಾಕಿ ನೋಡಪ್ಪ."

ಕೈಲಾಸ್ ಒಪ್ಪಿದರು. ಗಾಡಿಯ ಹಿಂದಿನ ಎರಡು ಗಾಲಿಗಳಿಗೆ ಮೋಟಾರು ಕೂತಿತು. ತಳ್ಳುವ ಹಿಡಿಯಲ್ಲಿ ಸಣ್ಣದೊಂದು ಸೆನ್ಸರು. ಕೈ ಎಷ್ಟು ಒತ್ತುತ್ತದೋ ಅಷ್ಟಕ್ಕೆ ತಕ್ಕ ಹಾಗೆ ಮೋಟಾರು ನೆರವಾಗಬೇಕು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದರೆ ತಾನೇ ಬಲ ಕೊಟ್ಟು ತಡೆಯಬೇಕು. ಹಂಸಾ ಖಾಲಿ ಗಾಡಿಯನ್ನು ತಳ್ಳಿ, ಮಣ್ಣಿನ ಮೂಟೆ ಹೇರಿ ತಳ್ಳಿ ನೋಡಿದ್ದಳು. ಎಲ್ಲ ಸರಿಯಾಗಿತ್ತು.

ಬಳೆ ಪೆಟ್ಟಿಗೆ ಹೇರಿದ ದಿನ ಮರಿಯಣ್ಣ ಗಾಲಿಗೆ ಕೈಮುಗಿದು ಹಿಡಿಗೆ ಕೈಹಾಕಿದರು. ಮರುಕ್ಷಣ ಗಾಡಿ ಗಕ್ಕನೆ ಮುಂದಕ್ಕೆ ನೆಗೆಯಿತು. ಮೇಲಿನ ಪೆಟ್ಟಿಗೆ ಬೀದಿಗೆ ಬಿತ್ತು. ಹಸಿರು ಗಾಜು ಚರಂಡಿಯವರೆಗೂ ಚೆಲ್ಲಿತು.

ಅಜ್ಜಿ ಪೊರಕೆ ತಂದರು. "ನನ್ ಕೈದೇ ತಪ್ಪು, ಸಾವ್ಕಾರ್ರೇ. ಹೊಸ ಮಿಷೀನು, ಹಳೇ ಕೈ" ಎಂದರು ಮರಿಯಣ್ಣ. ಕೈಲಾಸ್ ಮಗಳ ಕಡೆ ನೋಡಿ, "ನಾಡಿದ್ದು ಹಬ್ಬದ ಲೋಡು ಹೋಗ್ಬೇಕು. ಅಷ್ಟರೊಳಗೆ ಆದ್ರೆ ಆಯ್ತು, ಇಲ್ಲಾಂದ್ರೆ ಆಟೊ" ಎಂದು ಒಳಗೆ ಹೋದರು.

ಹಂಸಾ ಅಂದು ಮೋಟಾರನ್ನು ಬಿಚ್ಚಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೀದಿಯನ್ನು ನೋಡಿದಳು. ಮುಂದೆ ಗಾಡಿಗಳು ನಿಲ್ಲುತ್ತಿದ್ದವು, ಹೊರಡುತ್ತಿದ್ದವು. ಬಹಳ ಹೊತ್ತಿನ ಮೇಲೆ ಅವಳ ಕಣ್ಣು ಗಾಲಿಗಳನ್ನು ಬಿಟ್ಟು ತಳ್ಳುವವರ ಕಾಲುಗಳ ಕಡೆ ಹೋಯಿತು. ತುಂಬಿದ ಗಾಡಿಯನ್ನು ಯಾರೂ ನೇರ ಮುಂದಕ್ಕೆ ತಳ್ಳುತ್ತಿರಲಿಲ್ಲ. ಮೊದಲು ಒಂದು ಗೇಣು ಹಿಂದಕ್ಕೆ ಎಳೆದು, ಆ ತೂಗಿನಲ್ಲೇ ಮುಂದಕ್ಕೆ ನೂಕುತ್ತಿದ್ದರು. ಹುಟ್ಟಿದಾಗಿನಿಂದ ಈ ಬೀದಿಯಲ್ಲೇ ಇದ್ದು ತಾನದನ್ನು ಗಮನಿಸಿಯೇ ಇರಲಿಲ್ಲ. ಮರಿಯಣ್ಣ ಹಿಂದಕ್ಕೆ ಎಳೆದಾಗ, ಗಾಡಿ ಏರಿನಲ್ಲಿ ಜಾರುತ್ತಿದೆ ಎಂದುಕೊಂಡು ಮೋಟಾರು ತನ್ನ ಬಲವನ್ನೆಲ್ಲ ಒಮ್ಮೆಗೇ ಕೊಟ್ಟಿತ್ತು. ಅವರನ್ನು ಕಾಪಾಡಲೆಂದು ಅವಳು ಇಟ್ಟದ್ದೇ ಅವರ ಸರಕನ್ನು ಕೆಡವಿತ್ತು.

"ಮರಿಯಣ್ಣ, ಹಿಂದಕ್ಕೆ ಎಳೀದೆ ಒಂದ್ಸಲ ತಳ್ಳಿ ನೋಡೋಣ."

ಅವರು ನೋಡಿದರು. ಕಾಲು ತಾನಾಗಿ ಹಿಂದಕ್ಕೆ ಹೋಯಿತು. ಇನ್ನೊಮ್ಮೆಯೂ ಅದೇ.

"ಈ ಕಾಲು ನನ್ ಮಾತು ಕೇಳಲ್ಲ ಹಂಸವ್ವ. ಕೇಳೋದಿದ್ರೆ ನನ್ ಹೆಂಡ್ತಿ ಮಾತು ಒಂದೇ."

"ಅವರನ್ನ ಕರೆಸೋದು ಬೇಡ ಬಿಡಿ, ಮೋಟಾರಿಗೇ ಬುದ್ಧಿ ಹೇಳ್ತೀನಿ" ಎಂದು ನಕ್ಕಳು.

ಜಾರುವ ಗಾಡಿಯನ್ನು ಯಾರೂ ಹಿಂದಕ್ಕೆ ಎಳೆಯುವುದಿಲ್ಲ. ಗಾಲಿ ಹಿಂದಕ್ಕೆ ಉರುಳಿದಾಗ ಹಿಡಿಯೂ ಹಿಂದಕ್ಕೆ ಜಗ್ಗಿದ್ದರೆ ಅದು ಮನುಷ್ಯ. ಆಗ ಮೋಟಾರು ಸುಮ್ಮನಿರಬೇಕು, ಕೈ ಮುಂದಕ್ಕೆ ತಿರುಗಿದ ಮೇಲೆ ಮೆಲ್ಲಗೆ ಏಳಬೇಕು. ಮಾರನೆಯ ದಿನವೆಲ್ಲ ಅವಳು ಅದನ್ನೇ ಬರೆದಳು, ಅಳಿಸಿದಳು, ಮರಿಯಣ್ಣನವರಿಂದಲೇ ತಳ್ಳಿಸಿದಳು.

ಹಬ್ಬದ ಲೋಡು ಗಾಂಧಿ ಬಜಾರಿಗೆ. ಹಂಸಾ ಗಾಡಿಯ ಪಕ್ಕದಲ್ಲೇ ನಡೆದಳು. ಹೊರಡುವಾಗ ಮರಿಯಣ್ಣ ಗೇಣುದ್ದ ಹಿಂದಕ್ಕೆ ಎಳೆದರು. ಅವಳ ಕಣ್ಣು ಮೇಲಿನ ಪೆಟ್ಟಿಗೆಯ ಮೇಲೆಯೇ ಇತ್ತು. ಪೆಟ್ಟಿಗೆಗಳು ಅಲುಗಲಿಲ್ಲ. ಮಾರುಕಟ್ಟೆಯ ಗದ್ದಲ ದಾಟಿ, ಚಾಮರಾಜಪೇಟೆಯ ಸಮತಟ್ಟಾದ ರಸ್ತೆಗೆ ಬಂದಾಗ ಮೋಟಾರು ತಾನೇ ಆರಿತು. ಗಾಲಿಗಳು ಸದ್ದಿಲ್ಲದೆ, ತಡೆಯಿಲ್ಲದೆ ಉರುಳಿದವು. ಮುಂದೆ ಏರು. ಭುಜ ಹಿಡಿದು ನಿಲ್ಲುವ ಜಾಗ ಬಂತು. ಮರಿಯಣ್ಣ ನಿಲ್ಲಲಿಲ್ಲ. ಅರ್ಧ ಏರಿನಲ್ಲಿ ಒಂದು ಕೈ ಬಿಟ್ಟು, ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಏರಿನಲ್ಲಿ ಅವರು ಕೈ ಬಿಟ್ಟದ್ದನ್ನು ಹಂಸಾ ಎಂದೂ ಕಂಡಿರಲಿಲ್ಲ. ಅವಳು ರಸ್ತೆಯ ಆ ಬದಿಯ ಮರಗಳನ್ನು ನೋಡುತ್ತಾ ನಡೆದಳು.

ಅವರು ಮರಳಿದಾಗ ಕೈಲಾಸ್ ಅಂಗಡಿಯ ಬಾಗಿಲಲ್ಲೇ ಇದ್ದರು.

"ಗಾಂಧಿ ಬಜಾರಿನವರೇ ಪೆಟ್ಟಿಗೆ ಬಿಚ್ಚಿ ನೋಡಿ ಇಳಿಸ್ಕೊಂಡ್ರು. ಒಂದೂ ಸೀಳಿಲ್ಲ, ಸಾವ್ಕಾರ್ರೇ."

ಕೈಲಾಸ್ ಬಾಗಿ ಗಾಲಿಯ ನಡುವನ್ನು ಮುಟ್ಟಿದರು. ತುಸುವೇ ಬೆಚ್ಚಗಿತ್ತು. ಮೊಬೈಲು ತೆಗೆದು, "ಗೌರೀಶ, ನಾಳೆ ಬರೋದು ಬೇಡಪ್ಪ" ಎಂದರು. ಆಮೇಲೆ ಮರಿಯಣ್ಣನವರ ಮುಖ ನೋಡದೆಯೇ ಹೇಳಿದರು: "ಮಲ್ಲೇಶ್ವರದ ಅಂಗಡಿಯವರು ಸರಕು ಕೇಳ್ತಾನೇ ಇದಾರೆ. ದೂರ ಅಂತ ನಿಮ್ಮ ಹತ್ರ ಎತ್ತಿರ್ಲಿಲ್ಲ. ಆಗತ್ತಾ?"

ಮರಿಯಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಸಂಪಿಗೆ ರಸ್ತೆಗಾ, ಮಾರ್ಗೋಸಾ ರಸ್ತೆಗಾ?"

ಹಂಸಾಳ ಕಣ್ಣ ಮುಂದೆ ಆಗಲೇ ಮಲ್ಲೇಶ್ವರದ ದಾರಿಯ ಓಕಳಿಪುರಂ ಕೆಳಸೇತುವೆಯ ಏರು ಬಂದಿತ್ತು. ಬ್ಯಾಟರಿ ಬಿಚ್ಚಿಕೊಂಡು ಚಾರ್ಜಿಗೆ ಹಾಕಲು ಒಳಗೆ ಹೋದಳು.