ಕಚ್ಚುವ ಹುಡುಗಿಯ ಚೀಟಿ

ಹೋದ ತಿಂಗಳು ನಾರಾಯಣಖೇಡದ ಗುಜರಿ ಅಂಗಡಿಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ನೂರಾ ಇಪ್ಪತ್ತು ರೂಪಾಯಿ ಕೊಟ್ಟೆ. ಅಂಗಡಿಯವನು ಮುನ್ನೂರು ಅಂದಿದ್ದ. ತುಕ್ಕು ತೋರಿಸಿ ನೂರು ಇಳಿಸಿದೆ, ಮುಚ್ಚಳ ಸಡಿಲವೆಂದು ಐವತ್ತು, ಎದ್ದು ಹೊರಟವನಂತೆ ಮಾಡಿ ಇನ್ನೊಂದು ಮೂವತ್ತು. ಆದರೂ ಅದು ನಲವತ್ತಕ್ಕಿಂತ ಹೆಚ್ಚು ಬಾಳುವ ಮಾಲಲ್ಲ. ಮೇಲಿನ ಎಂಬತ್ತು ಯಾಕೆ ಕೊಟ್ಟೆ ಎಂದರೆ, ಮುಚ್ಚಳ ತೆಗೆದಾಗ ಒಳಗಿನಿಂದ ಲವಂಗದ ವಾಸನೆ ಬಂತು. ವಾಸನೆಗೆ ಚೌಕಾಸಿ ಮಾಡುವುದು ನನಗಿನ್ನೂ ಬಂದಿಲ್ಲ.

ಅಂಥದೇ ಡಬ್ಬಿಯೊಂದು ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅವರ ಮೇಜಿನ ಮೇಲಿತ್ತು. ನಾನು ಜಹೀರಾಬಾದಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ಸ್ಟೋರ್ ನೋಡಿಕೊಂಡಿದ್ದ ಕಾಲವದು. ಚಾಕ್‌ಪೀಸು, ನೋಟ್‌ಬುಕ್ಕು, ಯೂನಿಫಾರ್ಮು, ಶೂ ಎಲ್ಲವೂ ನನ್ನ ಕೈಯಿಂದಲೇ ಹೋಗಬೇಕು. ಸಿಸ್ಟರ್ ಮಂಗಳೂರು ಕಡೆಯವರು. ನಮ್ಮ ಕನ್ನಡ ಕೇಳಿ ಅವರಿಗೆ ನಗು, ಅವರ ಕನ್ನಡ ಕೇಳಿ ನಮಗೆ ನಗು. ಗಂಟಲು ಕೆರೆಯುತ್ತದೆಂದು ಸದಾ ಬಾಯಲ್ಲೊಂದು ಲವಂಗ. ಆ ಲವಂಗದ ಡಬ್ಬಿ ಖಾಲಿಯಾದಾಗ ಅದಕ್ಕೆ ಚೀಟಿ ತುಂಬಿದರು, ನಮ್ಮೆಲ್ಲರ ಶನಿವಾರ ಹಿಡಿದುಕೊಂಡರು…

ಅವರು ಬರುವ ಮೊದಲು ಶನಿವಾರದ ಪ್ರಾರ್ಥನಾ ಕೂಟ ಕ್ರೈಸ್ತ ಶಿಕ್ಷಕರಿಗೆ ಮಾತ್ರ ಇತ್ತು. ಇವರು ಬಂದ ತಿಂಗಳಲ್ಲೇ ಹೊಸ ನೋಟಿಸು ಅಂಟಿಸಿದರು: ಶಿಕ್ಷಕರಿಗೂ ಸಿಬ್ಬಂದಿಗೂ ಆಧ್ಯಾತ್ಮಿಕ ತರಬೇತಿ, ಮಕ್ಕಳು ಮನೆಗೆ ಹೋದ ಮೇಲೆ ಅರ್ಧ ಗಂಟೆ. ಸಿಬ್ಬಂದಿ ಎಂದರೆ ಬಸ್ಸಿನ ಡ್ರೈವರು, ಆಯಾ, ವಾಚ್‌ಮನ್, ನಾನು. ನಾನು ನೇರ ಅವರ ಕೋಣೆಗೆ ಹೋದೆ.

"ಸಿಸ್ಟರ್, ನಾ ಪಾಠ ಹೇಳಾಂವ ಅಲ್ರೀ, ಶೂ ಮಾರಾಂವ. ನನಗ್ಯಾಕ್ರೀ ಇದು?"

"ಮಕ್ಕಳು ನಿಮ್ಮ ಹತ್ತಿರ ಬರುವುದಿಲ್ಲವಾ?"

"ಬರ್ತಾರ್ರೀ."

"ಮತ್ತೆಂತ? ಬನ್ನಿ."

"ಈ ಅರ್ಧ ತಾಸಿಗಿ ಪಗಾರ ಅದ ಏನ್ರೀ?"

"ಪಗಾರ ಇಲ್ಲ, ಚಹಾ ಉಂಟು. ಎರಡು ಬಿಸ್ಕತ್ತು ಉಂಟು."

"ಮೂರ್ ಮಾಡ್ರಿ."

"ಆಯ್ತು ಮಾರಾಯರೆ, ಮೂರು."

ಗೆದ್ದೆನೆಂದು ಎದೆಯುಬ್ಬಿಸಿ ಹೊರಬಂದೆ. ತಲೆಗೆ ಮೂರರಂತೆ ತರಿಸಲು ಅವರು ಬೆಳಿಗ್ಗೆಯೇ ಹೇಳಿದ್ದರೆಂದು ಆಯಾ ಆಮೇಲೆ ಹೇಳಿದಳು.

ಮನೆಯಲ್ಲಿ ಅವ್ವನಿಗೆ ದಿಗಿಲು. ನಾವು ಮೊಗುಡಂಪಲ್ಲಿ ಕಡೆಯ ಲಿಂಗಾಯತರು, ಕೊರಳಲ್ಲಿ ಲಿಂಗವಿದೆ, ಮಗನನ್ನು ಅಲ್ಲಿ ಏನು ಮಾಡಿಬಿಡುತ್ತಾರೋ ಎಂದು. ಮೊದಲ ಶನಿವಾರ ಸಿಸ್ಟರ್ ಬೈಬಲಿನ ಶುಭಸಂದೇಶದಿಂದ ನಾಲ್ಕು ಸಾಲು ಓದಿ, ಐದು ನಿಮಿಷ ಎಲ್ಲರೂ ಮೌನವಾಗಿರಬೇಕೆಂದರು. ನನಗೆ ಐದು ನಿಮಿಷ ಬಾಯಿ ಮುಚ್ಚುವುದೆಂದರೆ ಐದು ದಿನದ ಉಪವಾಸ. ಕೈ ತಾನಾಗಿ ಅಂಗಿಯೊಳಗೆ ಹೋಗಿ ಲಿಂಗವನ್ನು ಹಿಡಿಯಿತು. ಸಿಸ್ಟರ್ ನೋಡಿಯೇ ಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. "ಹಿಡಿದುಕೊಂಡೇ ಕೂರಿ," ಎಂದರು. "ಕೈಗೆ ಕೆಲಸ ಇದ್ದರೆ ಬಾಯಿ ಸುಮ್ಮನಿರುತ್ತದೆ."

ಅವ್ವನಿಗೆ ಇದನ್ನು ಹೇಳಿದ ಮೇಲೆ ಶನಿವಾರ ನಾನು ಮಧ್ಯಾಹ್ನದ ರೊಟ್ಟಿಗೆ ತಡವಾಗಿ ಬಂದರೂ ಯಾಕೆಂದು ಅವಳು ಕೇಳುತ್ತಿರಲಿಲ್ಲ.

ಇನ್ನು ಚೀಟಿಯ ಕ್ರಮ. ಒಂದೊಂದು ಚೀಟಿಯಲ್ಲಿ ಒಂದೊಂದು ಮಗುವಿನ ಹೆಸರು. ಡಬ್ಬಿ ಸುತ್ತ ಬರುತ್ತದೆ, ಒಂದು ಎತ್ತಬೇಕು, ಯಾರಿಗೂ ತೋರಿಸಬಾರದು. ಆ ವಾರವೆಲ್ಲ ಆ ಮಗುವನ್ನು ನೋಡಬೇಕು, ಅವರವರ ದೇವರ ಹತ್ತಿರ ಅದರ ಹೆಸರು ಹೇಳಬೇಕು. ಮುಂದಿನ ಶನಿವಾರ ಚೀಟಿ ಡಬ್ಬಿಗೆ ಹಾಕುವಾಗ ಒಂದೇ ಮಾತು: ಈ ಮಗುವಿನಲ್ಲಿ ಮೊದಲು ಗೊತ್ತಿಲ್ಲದ್ದು ಏನು ಕಂಡಿತು? ಮಾರ್ಕ್ಸು ಹೇಳುವಂತಿಲ್ಲ, ಚಾಡಿ ಹೇಳುವಂತಿಲ್ಲ.

ಕೇಳಲು ಎಷ್ಟು ಸುಲಭ! ಆದರೆ ಹಠಮಾರಿ ಮಕ್ಕಳ ಚೀಟಿ ಯಾರಿಗೂ ಬೇಡ. ಚಾಕ್‌ಪೀಸಿಗೆಂದು ದಿನವೂ ಎಲ್ಲರೂ ನನ್ನ ಸ್ಟೋರಿಗೆ ಬರುವವರು. ಮೂರನೆಯ ವಾರ ಲೆಕ್ಕದ ಸರ್ ಬಾಗಿಲಿಗೆ ಒರಗಿ ನಿಂತರು. "ಯಪ್ಪಾ, ನನಗೊಂದ್ ರಾಕ್ಷಸ ಬಂದದ. ನಿನ್ನ ಕಡಿ ಯಾವ್ದರ ಸಾಧು ಕೂಸು ಅದ ಏನು?" ನನ್ನ ಬಳಿ ಇತ್ತು. ಎರಡು ಮಿರ್ಚಿ ಭಜಿಗೆ ಅದಲು ಬದಲು ಮಾಡಿದೆವು. ಸುದ್ದಿ ಹರಡಲು ಎಷ್ಟು ಹೊತ್ತು? ನಾಲ್ಕನೆಯ ವಾರಕ್ಕೆ ನಾನು ಚೀಟಿಯ ದಲ್ಲಾಳಿಯಾಗಿದ್ದೆ. ಶನಿವಾರ ಎಲ್ಲರೂ ಹೇಳುವುದು ಒಂದೇ: "ಒಳ್ಳೆ ಕೂಸ್ರೀ, ಭಾಳ ನಗ್ತದ." ಸಿಸ್ಟರ್ ತಲೆಯಾಡಿಸುತ್ತಿದ್ದರು.

ಒಂದೇ ಒಂದು ಚೀಟಿ ಎಲ್ಲೂ ಖರ್ಚಾಗಲಿಲ್ಲ. ಆ ಜೂನ್‌ನಲ್ಲಿ ಹೊಸದಾಗಿ ಸೇರಿದ್ದ ಮೂರನೇ ತರಗತಿಯ ಹುಡುಗಿ, ನಮ್ಮ ಕಡೆಯ ಹಳ್ಳಿಯವಳೇ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷು, ತೆಲುಗು. ಅವಳು ಕಚ್ಚುತ್ತಿದ್ದಳು. ತಮಾಷೆಯ ಮಾತಲ್ಲ, ಹಲ್ಲಿನ ಗುರುತು ಬೀಳುವ ಹಾಗೆ. ಆ ಚೀಟಿ ಲೆಕ್ಕದ ಸರ್ ಕೈಯಿಂದ ನನಗೆ, ನನ್ನಿಂದ ತೆಲುಗು ಮೇಡಂಗೆ, ಅವರಿಂದ ಡ್ರೈವರಿಗೆ, ತಿರುಗಿ ನನಗೆ ಬಂದು ಕೊನೆಗೆ ನನ್ನ ಮೇಜಿನ ಖಾನೆಯಲ್ಲಿ ಬಿತ್ತು. ಶನಿವಾರ ಡಬ್ಬಿಗೆ ಅದರ ಬದಲು ಮಡಿಸಿದ ಖಾಲಿ ಕಾಗದ ಹಾಕಿಬಿಡುತ್ತಿದ್ದೆ…

ಆರು ವಾರ ಕಳೆದಿರಬೇಕು. ಊರಿನ ಒಬ್ಬ ದೊಡ್ಡ ವ್ಯಾಪಾರಿಯ ಮಗಳ ತೋಳಿಗೆ ಅವಳು ಬಾಯಿ ಹಾಕಿದಳು. ಆ ವ್ಯಾಪಾರಿ ಶಾಲೆಗೆ ಬಂದು ಕೂಗಾಡಿದ. ಅವಳಿಗೆ ಟಿ.ಸಿ. ಕೊಡಬೇಕು, ಇಲ್ಲವಾದರೆ ನಮ್ಮ ಓಣಿಯ ಮಕ್ಕಳನ್ನೆಲ್ಲ ಬಿಡಿಸುತ್ತೇನೆ ಎಂದ. ಮುಂದಿನ ವಾರ ಕಳೆದು ಬರುವ ಸೋಮವಾರ ಶಾಲೆಯ ಕಮಿಟಿ ಕೂರುವುದೆಂದಾಯಿತು.

ಆ ಶನಿವಾರ ಸಿಸ್ಟರ್ ಏನೂ ಓದಲಿಲ್ಲ. ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಆ ಹುಡುಗಿಯನ್ನು ಉಳಿಸಿಕೊಳ್ಳಬೇಕೆಂದರೆ ಕಮಿಟಿಯ ಎದುರು ಒಂದು ಮಾತಾದರೂ ಆಡಬೇಕಲ್ಲ. ನನ್ನ ಹತ್ತಿರ ಒಂದೂ ಇಲ್ಲ. ಅವಳ ಚೀಟಿ ಇದರಲ್ಲಿಲ್ಲ. ಅದರ ಬದಲು ಖಾಲಿ ಕಾಗದ ಉಂಟು. ಅವಳು ಯಾರ ಹತ್ತಿರ ಇದ್ದಾಳೆ?"

ಲೆಕ್ಕದ ಸರ್ ಫ್ಯಾನು ನೋಡುತ್ತಿದ್ದರು. ಆಯಾ ಮಾತ್ರ ನನ್ನನ್ನೇ ದಿಟ್ಟಿಸಿ, ಎಲ್ಲರಿಗೂ ಕೇಳುವಂತೆ ಅಂದಳು: "ಏಳಪ್ಪ ಸಾಹುಕಾರ. ಭಜಿ ತಿನ್ನೂ ಮುಂದ ನಾಚಿಕಿ ಆಗಿಲ್ಲ, ಈಗ್ಯಾಕ?"

ಎದ್ದು ನಿಂತೆ. ಸಿಸ್ಟರ್ ಬೈದಿದ್ದರೆ ಚೆನ್ನಾಗಿತ್ತು, ಬೈಗುಳಕ್ಕೆ ಎದುರುತ್ತರ ಕೊಡುವುದು ನನಗೆ ಗೊತ್ತು. ಅವರು, "ನೀವು ಮಾಲು ನೋಡಿ ಬೆಲೆ ಹೇಳುವವರು. ಒಳ್ಳೆ ಕಣ್ಣು ಉಂಟು ನಿಮಗೆ. ಈ ಒಂದು ವಾರ ಅವಳನ್ನು ನೋಡಿ," ಎಂದರು. ಅಷ್ಟೇ.

ನೋಡಿದೆ. ಸೋಮವಾರ ಏನೂ ಕಾಣಲಿಲ್ಲ. ಮಂಗಳವಾರ ಪ್ರಾರ್ಥನೆಯ ಸಾಲಿನಲ್ಲಿ ಅವಳು ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಿಂತಿದ್ದಳು. ಹಿಂದಿನ ಹುಡುಗಿ ತಳ್ಳಿ ಇವಳ ಕಾಲು ತುಳಿದಳು. ಇವಳು ಗರಕ್ಕನೆ ತಿರುಗಿ ಬಾಯಿ ತೆರೆದಳು. ಆಯಾ ನಡುವೆ ಹೋಗಿ ತಡೆದಳು. ಆಯಾಳನ್ನು ಕೇಳಿದೆ, ಎಲ್ಲ ಸಲವೂ ಕಚ್ಚಿದ್ದು ಸಾಲಿನಲ್ಲೇ ಏನು ಎಂದು. ಅವಳು ಯೋಚಿಸಿ ಹೌದೆಂದಳು.

ಶೂ ಮಾರುವವನಿಗೆ ಇನ್ನೇನು ಬೇಕು? ಮಧ್ಯಾಹ್ನ ಊಟದ ಹೊತ್ತಿಗೆ ನಲ್ಲಿಯ ಹಿಂದೆ ಅವಳು ಶೂ ಬಿಚ್ಚಿ ಕಾಲಿಗೆ ನೀರು ಬಿಟ್ಟುಕೊಳ್ಳುತ್ತಿದ್ದಳು. ಎರಡೂ ಹಿಮ್ಮಡಿ ಸುಲಿದು ಕೆಂಪಾಗಿದ್ದವು. ಶೂ ಎತ್ತಿ ನೋಡಿದೆ. ಎರಡು ನಂಬರ್ ಚಿಕ್ಕದು. ಜೂನ್‌ನಲ್ಲಿ ಅವಳ ಅಪ್ಪನಿಗೆ ನಾನೇ ದಾಟಿಸಿದ ಜೋಡಿ. ಸಣ್ಣ ನಂಬರಿನ ಮಾಲು ಉಳಿದಿತ್ತು, ಕಡಿಮೆಗೆ ಕೊಡುತ್ತೇನೆಂದು ಒಪ್ಪಿಸಿದ್ದೆ.

"ಇಷ್ಟ್ ದಿನ ಯಾಕ ಹೇಳಿಲ್ಲ ಬೇ ನೀ?"

ಶಾಲೆಯಲ್ಲಿ ತನ್ನ ಮನೆಮಾತು ಕೇಳಿ ಅವಳು ನನ್ನನ್ನು ಅಚ್ಚರಿಯಿಂದ ನೋಡಿದಳು. "ನೀವ ಅಂದಿದ್ರಲ್ರೀ ಕಾಕಾ, ಹದಿನೈದ್ ದಿನದಾಗ ಕಾಲಿಗಿ ಒಗ್ತದ ಅಂತ. ಮುಗಿದ್ ಮ್ಯಾಲ ಮತ್ತ ಮೊದ್ಲಿಂದ ಎಣ್ಸಾಕತ್ತೀನಿ."

ನಾನು ಜೀವನದಲ್ಲಿ ಎಷ್ಟೋ ಜನರಿಗೆ ಮಾತು ಕೊಟ್ಟು ಮರೆತಿದ್ದೇನೆ. ಅದನ್ನು ಅಷ್ಟು ಗಟ್ಟಿಯಾಗಿ ನಂಬಿದವರನ್ನು ಕಂಡದ್ದು ಅದೊಂದೇ ಸಲ…

ಅವತ್ತೇ ಸರಿಯಾದ ಜೋಡಿ ಹಾಕಿಸಿದೆ. ಅವಳು ನಲ್ಲಿಯಿಂದ ಗೇಟಿನವರೆಗೆ ಓಡಿದಳು, ತಿರುಗಿ ಓಡಿ ಬಂದಳು, ಮತ್ತೆ ಓಡಿದಳು. ಉಳಿದ ನಾಲ್ಕು ದಿನ ಸಾಲಿನಲ್ಲಿ ತುಳಿತವೂ ಆಯಿತು, ತಳ್ಳಾಟವೂ ಆಯಿತು. ಯಾರ ಮೈಮೇಲೂ ಹಲ್ಲು ಬೀಳಲಿಲ್ಲ.

ಶನಿವಾರ ಹೇಳುವ ಸರದಿ ಬಂದಾಗ ನನ್ನೊಳಗೆ ಚೌಕಾಸಿ ಶುರುವಾಯಿತು. ಶೂ ಚಿಕ್ಕದಿತ್ತು ಎಂದರೆ ಸಾಕು, ಮಾರಿದವರ ಹೆಸರು ಯಾಕೆ? ಹುಡುಗಿ ಅಷ್ಟರಿಂದಲೇ ಉಳಿಯುತ್ತಾಳೆ. ಹೇಳಿದರೆ ನನ್ನ ಕೆಲಸ ಹೋಗಬಹುದು. ಒಂದು ಕೈ ಅಂಗಿಯೊಳಗಿತ್ತು. ಏನಾಯಿತೋ, ಪೂರಾ ಹೇಳಿಬಿಟ್ಟೆ: ಮಾರಿದವನು ನಾನು, ಚೀಟಿ ಬಚ್ಚಿಟ್ಟವನೂ ನಾನು, ಖಾಲಿ ಕಾಗದ ಹಾಕಿದವನೂ ನಾನು.

ಲೆಕ್ಕದ ಸರ್ ನಿಧಾನಕ್ಕೆ, "ಅಂದ್ರ ಅಕಿ ಕಚ್ಚಬೇಕಾಗಿದ್ದು ನಿನಗ," ಎಂದರು. ಮೊದಲು ನಕ್ಕವರು ಸಿಸ್ಟರ್. ಬಾಯಲ್ಲಿದ್ದ ಲವಂಗ ಗಂಟಲಿಗೆ ಹೋಗಿ ಕೆಮ್ಮಿ, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಹಾಲ್ ಪೂರಾ ನಕ್ಕಿತು, ನಾನೂ ನಕ್ಕೆ. ಅಷ್ಟು ಹಗುರಾಗಿ ಅದಕ್ಕೆ ಮೊದಲು ನಕ್ಕಿರಲಿಲ್ಲ.

ಕಮಿಟಿಗೆ ಸಿಸ್ಟರ್ ಆ ಹಳೆಯ ಶೂವನ್ನೇ ಪೇಪರಿನಲ್ಲಿ ಸುತ್ತಿಕೊಂಡು ಹೋದರು, ಜೊತೆಗೆ ನನ್ನನ್ನೂ. ನಡೆದದ್ದನ್ನು ನನ್ನ ಬಾಯಿಂದಲೇ ಹೇಳಿಸಿದರು. ಆ ವ್ಯಾಪಾರಿ ಶೂ ತೆಗೆದುಕೊಂಡು ಒಳಗೆ ಕೈ ಹಾಕಿ ನೋಡಿದ, ಹಿಮ್ಮಡಿಯ ಕಡೆ ಒಣಗಿದ್ದ ರಕ್ತ ನೋಡಿದ. "ಇದ್ರಾಗ ನಾ ಇದ್ರೂ ಕಚ್ತಿದ್ದೆ ತಗೋರಿ," ಎಂದ. ಟಿ.ಸಿ. ಮಾತು ಅಲ್ಲಿಗೆ ಮುಗಿಯಿತು. ಹುಡುಗಿ ಹತ್ತನೆಯ ತರಗತಿಯವರೆಗೂ ಅಲ್ಲೇ ಓದಿದಳು. ಪ್ರತಿ ವರ್ಷ ಅವಳ ಕಾಲು ನಾನೇ ಅಳೆದೆ.

ನನ್ನ ಕೆಲಸ ಹೋಗಲಿಲ್ಲ, ಶಿಕ್ಷೆ ಮಾತ್ರ ತಪ್ಪಲಿಲ್ಲ. ಮುಂದಿನ ಶನಿವಾರದಿಂದ ಡಬ್ಬಿ ಸುತ್ತುವ ಮೊದಲೇ ಸಿಸ್ಟರ್ ಒಂದು ಚೀಟಿ ಆರಿಸಿ ನನ್ನ ಕೈಗಿಡುತ್ತಿದ್ದರು, ಶಾಲೆಗೇ ಕಷ್ಟವಾದ ಮಗು ಯಾವುದೋ ಅದರದು. ಆ ವರ್ಷದ ಕೊನೆಗೆ ತಾಂಡೂರಿನಲ್ಲಿ ಸುತ್ತಲಿನ ಶಾಲೆಗಳ ಶಿಕ್ಷಕರಿಗೆಲ್ಲ ಎರಡು ದಿನದ ಧ್ಯಾನಕೂಟವಿತ್ತು. ಕಲ್ಲುಹಾಸಿನ ತಣ್ಣನೆಯ ಹಾಲ್, ಫಾದರ್‌ಗಳ ಉಪನ್ಯಾಸ. ನಡುವೆ ಸಿಸ್ಟರ್ ನನ್ನನ್ನು ಎಬ್ಬಿಸಿ, "ಇವರು ಚೀಟಿ ಮಾರಿದವರು, ಇವರ ಮಾತೂ ಹತ್ತು ನಿಮಿಷ ಕೇಳಿ," ಎಂದರು. ನಾನು ಅರ್ಧ ತಾಸು ತೆಗೆದುಕೊಂಡೆ.

ಕೆಲವು ವರ್ಷಗಳಲ್ಲಿ ಅವರಿಗೆ ವರ್ಗವಾಯಿತು. ಆ ಹುಡುಗಿ ಹತ್ತನೆಯದು ಮುಗಿಸಿದ ಮೇಲೆ ನಾನೂ ಕೆಲಸ ಬಿಟ್ಟು ಸ್ವಂತ ಶೂ ಅಂಗಡಿ ಹಾಕಿದೆ. ವಯಸ್ಸಾದ ಮೇಲೆ ಸಿಸ್ಟರ್ ಮಂಗಳೂರಿನ ಕಡೆ ತಮ್ಮ ಸನ್ಯಾಸಿನಿಯರ ಸಭೆಯ ಮನೆಯಲ್ಲಿದ್ದರು. ಆಗಾಗ ಫೋನು. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ, "ಒಮ್ಮೆ ಬನ್ನಿ ಮಾರಾಯರೆ, ಕಡಲು ತೋರಿಸುತ್ತೇನೆ," ಎಂದರು. ಶಾಲೆ ತೆರೆಯುವ ಹಂಗಾಮು, ಅಂಗಡಿ ತುಂಬ ಗಿರಾಕಿ, ಜುಲೈಗೆ ಬರುತ್ತೇನೆಂದೆ. ಜೂನ್ ಕೊನೆಗೆ ಆಯಾ ಫೋನ್ ಮಾಡಿದಳು… ಸಿಸ್ಟರ್ ಅವರ ಮಣ್ಣಾಗಿ ಆಗಲೇ ನಾಲ್ಕು ದಿನವಾಗಿತ್ತು. ನನ್ನ ವ್ಯಾಪಾರದಲ್ಲಿ ಲುಕ್ಸಾನು ಬೇಕಾದಷ್ಟಾಗಿದೆ, ಬೇರೆ ಮಾಲಿನಲ್ಲಿ ತುಂಬಿಸಿಕೊಂಡಿದ್ದೇನೆ. ಆ ಜೂನ್‌ನದು ಯಾವುದರಿಂದಲೂ ತುಂಬಿಲ್ಲ.

ಓದುತ್ತಿರುವ ನೀವು ಶಿಕ್ಷಕರಾಗಿದ್ದರೆ ನನ್ನ ಸಲಹೆ ಕೇಳಿ, ಬಿಟ್ಟಿಯಾಗಿ ಕೊಡುತ್ತಿದ್ದೇನೆ. ವಾರಕ್ಕೊಂದು ಮಗುವನ್ನು ಹಿಡಿಯಿರಿ, ಅದೂ ನಿಮಗೆ ಸೇರದ್ದನ್ನು. ಅಂಥ ಮಗುವನ್ನು ಬೇರೆಯವರ ಪಾಲಿಗೆ ತಳ್ಳಿದಿರೋ, ಅವರೂ ಇನ್ನೊಬ್ಬರಿಗೆ ತಳ್ಳುತ್ತಾರೆ. ನಮ್ಮ ಶಾಲೆಯಲ್ಲಿ ಆರು ವಾರ ಹಾಗೇ ಆಗಿದ್ದು. ತಂದೆ ತಾಯಿಯಾಗಿದ್ದರೆ ಶೂ ಕೊಳ್ಳಲು ಸಂಜೆ ಬನ್ನಿ, ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಒಗ್ಗುತ್ತದೆ ಎಂದು ಅಂಗಡಿಯವನು ಹೇಳಿದರೆ ಎದ್ದು ಬನ್ನಿ, ನನ್ನ ಅಂಗಡಿಯಾದರೂ ಸರಿಯೇ. ಸರಿಯಿದೆಯಾ ಎಂದು ಮಗುವನ್ನು ಅದರ ಮನೆಮಾತಿನಲ್ಲಿ ಕೇಳಿ. ತಲೆಯಾಡಿಸಿತೆಂದು ಬಿಲ್ಲು ಮಾಡಿಸಬೇಡಿ. ಹತ್ತು ಹೆಜ್ಜೆ ನಡೆಸಿ, ನಡೆಯುವಾಗ ಅದರ ಮುಖ ನೋಡಿ. ಶೂ ಎಲ್ಲಿ ಬಿಗಿಯಾದರೂ ಮೊದಲು ಮುಖದಲ್ಲೇ ಕಾಣುತ್ತದೆ.