ಖಾಲಿ ಮನೆಗಳಿಗೆ ಗಾಳಿ ಕೊಡುವ ಟ್ರೀಸಾ ಬಾಯಿ

ಮಲೇಷ್ಯಾದ ಸೈಬರ್‌ಜಯಾದಲ್ಲಿ ಬೆಳಕು ಹರಿಯುವುದೇ ಏಳು ಗಂಟೆಗೆ. ಅಷ್ಟರಲ್ಲಿ ಟ್ರೀಸಾ ಕ್ರಾಸ್ತಾ ಹನ್ನೊಂದನೇ ಮಹಡಿಯ ಮನೆಯೊಂದರ ಬೀಗ ತೆಗೆದು, ಕಿಟಕಿಗಳನ್ನೆಲ್ಲ ತೆರೆದು, ಬಚ್ಚಲಿಗೆ ಒಂದು ಚೊಂಬು ನೀರು ಸುರಿಯುತ್ತಿದ್ದಾರೆ. ನೀರಿನ ಹಿಂದೆಯೇ ಒಂದು ಚಮಚ ತೆಂಗಿನೆಣ್ಣೆ. “ಎಣ್ಣೆ ಮೇಲೆ ನಿಂತ್ರೆ ಪೈಪಿನೊಳಗಿನ ನೀರು ಬೇಗ ಆರುವುದಿಲ್ಲ. ಆರಿದ್ರೆ ಜಿರಳೆಗಳ ಮೆರವಣಿಗೆ ಮಾರಾಯ್ರೇ,” ಎನ್ನುತ್ತಾರೆ. ಫ್ಲಶ್ ಒತ್ತುತ್ತಾರೆ, ಎಸಿ ಓಡಿಸುತ್ತಾರೆ, ಕಪಾಟುಗಳನ್ನು ತೆರೆದು ಮೂಸುತ್ತಾರೆ. ಈ ಮನೆಯಲ್ಲಿ ಯಾರೂ ವಾಸವಿಲ್ಲ. ಅದಕ್ಕೇ ಇಲ್ಲಿ ಅವರಿಗೆ ಕೆಲಸವಿದೆ.

ಈ ಊರಿನಲ್ಲಿ ಕಾಂಡೋ ಎಂಬ ಬಹುಮಹಡಿ ವಸತಿ ಕಟ್ಟಡಗಳು ಎದ್ದ ವೇಗಕ್ಕೆ ಜನ ಬರಲಿಲ್ಲ. ಬೆಲೆ ಏರುತ್ತದೆಂದು ಕೊಂಡವರು ಬೇರೆ ದೇಶಗಳಲ್ಲಿದ್ದಾರೆ. ಮನೆಗಳು ಬೀಗ ಹಾಕಿಕೊಂಡು ಇಲ್ಲೇ ನಿಂತಿವೆ. ಇಲ್ಲಿನ ಸೆಕೆಗೆ ಮುಚ್ಚಿದ ಮನೆ ಬೇಗ ಬೂಸು ಹಿಡಿಯುತ್ತದೆ.

ಟ್ರೀಸಾ ಬಜ್ಪೆಯವರು. ಗಂಡ ಪ್ಯಾಸ್ಕಲ್ ಆಫೀಸು ಕಟ್ಟಡವೊಂದರ ಎಲೆಕ್ಟ್ರಿಷಿಯನ್ ಆಗಿದ್ದರು. ಬೆನ್ನುನೋವು ಅವರ ಕೆಲಸ ಬಿಡಿಸಿದಾಗ, ಊರು ಬಿಟ್ಟು ಹೊರಟಿದ್ದ ಮೇಲಿನ ಮಹಡಿಯ ಟೀಚರೊಬ್ಬರು ಕೀಲಿಕೈ ಕೊಟ್ಟು, ವಾರಕ್ಕೊಮ್ಮೆ ಬಾಗಿಲು ತೆಗೆಯಲು ಹೇಳಿದರು. “ಕೇಳದೆ ಕೊಟ್ಟ ಕೆಲಸ ಅದು. ಇವತ್ತಿಗೂ ಪ್ರಾರ್ಥನೆಯಲ್ಲಿ ಅವರ ಹೆಸರು ಮೊದಲು ಬರ್ತದೆ.” ಈಗ ಗೊಂಚಲಿನಲ್ಲಿ ಹದಿನಾಲ್ಕು ಮನೆಗಳ ಕೀಲಿಗಳಿವೆ. ಪ್ಯಾಸ್ಕಲ್ ಕಾರು ಓಡಿಸುತ್ತಾರೆ. “ಇವಳಿಗೆ ಹದಿನಾಲ್ಕು ಮನೆ ಉಂಟು, ಸೊಸೈಟಿಯಲ್ಲಿ ದೊಡ್ಡ ಜನ. ನಾನು ಬರೀ ಡ್ರೈವರ್,” ಎಂದು ಅವರು ನಗುತ್ತಾರೆ. “ಡ್ರೈವರ್ ಆದ್ರೆ ಬಾಯಿ ಮುಚ್ಚಿ ಕಾರು ಬಿಡಿ,” ಎನ್ನುತ್ತಾರೆ ಟ್ರೀಸಾ.

ಈ ವರ್ಷದ ಆರಂಭದಲ್ಲಿ ಗೊಂಚಲಿನಲ್ಲಿ ಇನ್ನೊಂದು ಕೀಲಿ ಇತ್ತು. ಮೂರು ಕೋಣೆಗಳ ಆ ಮನೆ, ಇಲ್ಲಿ ಪಾಠ ಮಾಡಿ ಕೈರೋಗೆ ಮರಳಿದ ಡಾಕ್ಟರ್ ಶರೀಫ್ ಅವರದು. ಟ್ರೀಸಾಗೆ ಎಲ್ಲರಿಗಿಂತ ಹೆಚ್ಚು ಸಂಬಳ ಕೊಡುತ್ತಿದ್ದವರೂ ಅವರೇ. ಮನೆಯನ್ನು ಬಾಡಿಗೆಗೆ ಮಾತ್ರ ಕೊಡುತ್ತಿರಲಿಲ್ಲ.

ಅದೇ ಹೊತ್ತಿಗೆ, ಟ್ರೀಸಾ ಹೋಗುವ ಕಟ್ಟಡವೊಂದರಲ್ಲೇ ಬಾಡಿಗೆಗಿದ್ದ ಮೈಸೂರಿನ ಧೃತಿ ತುಂಬು ಗರ್ಭಿಣಿ. ಮಾಲೀಕರು ಮನೆ ಮಾರಿದ್ದರು. ತಿಂಗಳೊಳಗೆ ಖಾಲಿ ಮಾಡಬೇಕಿತ್ತು. ನೋಡಿದ ಮನೆಗಳೆಲ್ಲ ಆಸ್ಪತ್ರೆಗೆ ದೂರ. “ಆಂಟಿ, ಕಂದನ್ನ ಎತ್ಕೊಂಡು ಯಾವ ಬಾಗಿಲಿಗೆ ಹೋಗ್ಲಿ ಹೇಳಿ?” ಎಂದು ಲಿಫ್ಟಿನಲ್ಲೇ ಅತ್ತಳು.

ಟ್ರೀಸಾ ಮುಂದಿನ ಶನಿವಾರ ಆ ಖಾಲಿ ಮನೆಯಿಂದಲೇ ಡಾಕ್ಟರಿಗೆ ವಿಡಿಯೋ ಕಾಲ್ ಮಾಡಿ, ಅದನ್ನು ಧೃತಿಗೆ ಬಾಡಿಗೆಗೆ ಕೊಡಲು ಕೇಳಿದರು. ಅವರು ಬೇಡವೆಂದರು, ಕಾರಣವನ್ನೂ ಹೇಳಿದರು. ಕೈರೋದಲ್ಲಿ ಅಜ್ಜ ಕಟ್ಟಿಸಿದ ಮನೆಯನ್ನು ಹಳೆಯ ಬಾಡಿಗೆ ಕಾನೂನಿನಡಿ ಕೊಟ್ಟಿದ್ದರು. ಬಂದವರು ಹೋಗಲಿಲ್ಲ, ಅವರ ನಂತರ ಅವರ ಮಕ್ಕಳು ಉಳಿದರು, ಬಾಡಿಗೆ ಒಂದು ಹೊತ್ತಿನ ಊಟಕ್ಕೂ ಸಾಲದು. ಈಚೆಗೆ ಹೊಸ ಕಾನೂನು ಬಂದಿದೆ, ಆದರೆ ವಾಸದ ಮನೆಗಳ ತೆರವಿಗೆ ಅದು ಏಳು ವರ್ಷದ ಗಡುವು ಕೊಟ್ಟಿದೆ. ಬಾಡಿಗೆದಾರ ಎಂಬ ಮಾತು ಕೇಳಿದರೇ ಅವರಿಗೆ ಭಯ.

ಟ್ರೀಸಾ ವಾದಿಸಲಿಲ್ಲ. ಫೋನನ್ನು ಮಲಗುವ ಕೋಣೆಯ ಕಪಾಟಿನತ್ತ ತಿರುಗಿಸಿದರು. ಹಿಂದಿನ ಹಲಗೆಯಲ್ಲಿ ಗೆದ್ದಲು. “ಕೈರೋದ ಮನೆಯಲ್ಲಿ ಜನ ಕೂತಿದ್ದಾರೆ, ಇಲ್ಲಿ ಗೆದ್ದಲು ಕೂತಿದೆ ಡಾಕ್ಟ್ರೇ. ಗೆದ್ದಲು ಬಾಡಿಗೆ ಕೊಡ್ತದಾ?” ಅಂದು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಮಗೆ ಕನ್ನಡದಲ್ಲಿ ಹೇಳಿ ನಗುತ್ತಾರೆ. ವಕೀಲರೊಬ್ಬರನ್ನು ಕೇಳೋಣ ಎಂದರಂತೆ ಡಾಕ್ಟರು.

ಉಳಿದದ್ದನ್ನು ವಕೀಲರು ಬಿಡಿಸಿ ಹೇಳಿದರು. ಇಲ್ಲಿ ಕರಾರಿಗೆ ಕೊನೆಯ ದಿನವಿದೆ. ಅದು ಮುಗಿದ ಮೇಲೂ ಕೂತವರಿಂದ ಎರಡರಷ್ಟು ಬಾಡಿಗೆ ಕೇಳಬಹುದು. ಹಾಗೆಂದು ಕೋರ್ಟಿನ ಆದೇಶವಿಲ್ಲದೆ ಮಾಲೀಕ ಬೀಗ ಬದಲಾಯಿಸುವಂತಿಲ್ಲ. ಡಾಕ್ಟರಿಗೂ ಧೃತಿಗೂ ಧೈರ್ಯ ಬಂತು. ಕರಾರಿಗೆ ಸ್ಟಾಂಪು ಬಿತ್ತು.

ಒಳಗೆ ಕಾಲಿಟ್ಟ ದಿನ ಧೃತಿ ಹಾಲುಕ್ಕಿಸಿದಳು. ಉಕ್ಕಿದ ಹಾಲು ಒಲೆಯ ಮೇಲೆ ಸೀದು, ಹೊಗೆಯ ಅಲಾರಂ ಕಟ್ಟಡವೆಲ್ಲ ಕೇಳುವಂತೆ ಕೂಗಿಕೊಂಡಿತು. ವಿಡಿಯೋದಲ್ಲಿದ್ದ ಡಾಕ್ಟರು ಬೆಂಕಿ ಬಿತ್ತೆಂದು ಎದ್ದೇ ನಿಂತರು. “ಬೆಂಕಿ ಅಲ್ಲ ಡಾಕ್ಟ್ರೇ, ಮನೆ ತುಂಬಿ ಹರೀಲಿ ಅಂತ ಹಾಲು!” ಎಂದು ಟ್ರೀಸಾ ಟವೆಲ್ ಬೀಸುತ್ತಲೇ ಕೂಗಿದರು. ಡಾಕ್ಟರು ಕೂತು, ಕಣ್ಣೊರೆಸಿಕೊಂಡು ನಕ್ಕರು. ಆ ಮನೆಯಲ್ಲಿ ಸದ್ದಾಗಿ ನಾಲ್ಕು ವರ್ಷವಾಗಿತ್ತು ಎಂದರು.

ಕೀಲಿ ಧೃತಿಯ ಕೈಗೆ ಹೋಯಿತು, ಆ ಸಂಬಳವೂ ಹೋಯಿತು. ನಷ್ಟವಲ್ಲವೇ ಎಂದರೆ ಟ್ರೀಸಾ ಬಿಡಿ ಎಂಬಂತೆ ಕೈ ಬೀಸುತ್ತಾರೆ. “ಕೇಳದೆ ನನಗೂ ಒಬ್ರು ಕೀ ಕೊಟ್ಟಿದ್ರಲ್ಲ.”

ಮೊದಲ ಶನಿವಾರ ಅಭ್ಯಾಸಬಲದಿಂದ ಆ ಮಹಡಿಗೇ ಹೋಗಿಬಿಟ್ಟಿದ್ದರಂತೆ, ಕೈಯಲ್ಲಿ ಎಣ್ಣೆಯ ಸೀಸೆ ಸಮೇತ. “ಬಾಗಿಲ ಹತ್ರ ನಿಂತೆ. ಒಳಗಿಂದ ಸಾಸಿವೆ ಸಿಡಿಯುವ ಸದ್ದು, ಇಂಗಿನ ಘಮ. ಬೆಲ್ ಮಾಡ್ಲಿಲ್ಲ. ಇನ್ನು ಆ ಮನೆಗೆ ನನ್ನ ಗಾಳಿ ಬೇಡ.”